ಗಾಜಿನ ಸಿರಿಂಜಿನ ಕೈಗುಣ

ಓಣಿಯವರ ಬಟ್ಟೆ ತಿಕ್ಕಿ ಬದುಕುವ ಇಸ್ತ್ರಿಯಮ್ಮನ ಗಂಡ ತನ್ನ ಅಣ್ಣನ ಅಂಗಡಿಯಲ್ಲೇ ಬಟ್ಟೆ ಹೊಲಿಯುತ್ತಿದ್ದವನು. ಬಾಯಿಗೂ ಗುಂಡಿ ಹಾಕಿಕೊಂಡವನಂತೆ ಮೌನಿ. ಹೆಂಡ ಮುಟ್ಟಿದವನಲ್ಲ. ಆದರೂ ಕಣ್ಣು ಹಳದಿಯಾಗಿ, ಹೊಟ್ಟೆ ಊದಿ, ಲಿವರ್ ಕೆಟ್ಟು ಸತ್ತ. ಲಿವರ್ ಅಂದಮೇಲೆ ಜನಕ್ಕೆ ಬೇರೆ ಸಾಕ್ಷಿ ಬೇಕೆ? ಎಲ್ಲರಿಗಿಂತ ಮೊದಲು ನಾಲಿಗೆ ಹರಿಬಿಟ್ಟವನು ಸ್ವಂತ ಅಣ್ಣನೇ.

"ಕದ್ದು ಕುಡೀತಿದ್ದ. ನಂಗೆ ಮೊದಲೇ ಗುಮಾನಿ ಇತ್ತು."

"ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವಳು ನಾನು ಭಾವ. ನನ್ನ ಮೂಗು ಸತ್ತಿತ್ತಾ?"

"ಗಂಡನ್ನ ಯಾವ ಹೆಂಡ್ತಿ ಬಿಟ್ಟುಕೊಡ್ತಾಳಮ್ಮ!"

ಆ ಮಾತಿಗೆ ಮಗಳ ಮದುವೆ ಸಂಬಂಧ ಮುರಿಯಿತು. ಮಗಳೇ ಒಂದು ದಿನ, "ನಿಜ ಹೇಳಮ್ಮ, ಅಪ್ಪ ಕುಡೀತಿದ್ರಾ?" ಅಂದಾಗ ಇಸ್ತ್ರಿಯಮ್ಮನಿಗೆ ಗಂಡ ಮತ್ತೊಮ್ಮೆ ಸತ್ತಂತಾಯಿತು. ಅಂದಿನಿಂದ ಅವಳಿಗೆ ಒಂದೇ ಹಟ. ಆಡಿದ ಬಾಯೇ ಆ ಮಾತನ್ನು ನುಂಗಬೇಕು. ಹೊಟ್ಟೆಪಾಡು ನೋಡಿ, ತಿಕ್ಕಬೇಕಾದದ್ದು ಮಾತ್ರ ಭಾವನ ಅಂಗಡಿಯ ಬಟ್ಟೆಯನ್ನೇ.

ವರ್ಷಗಳು ಕಳೆದ ಮೇಲೆ, ದೇಶವೆಲ್ಲ ರಕ್ತ ತೆಗೆದು ನೋಡುತ್ತಿದ್ದ ಸರ್ಕಾರದವರು ಈ ಓಣಿಗೂ ಬಂದರು. ಆಮೇಲೆ ಡಾಕ್ಟರಮ್ಮ ಶಾಲೆಯ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ ಬಿಡಿಸಿ ಹೇಳಿದಳು. ಹೆಪಟೈಟಿಸ್ ಸಿ ಅಂತ ಒಂದು ವೈರಸ್ಸು, ರಕ್ತದಿಂದ ರಕ್ತಕ್ಕೆ ಹೋಗುತ್ತದೆ, ಸದ್ದಿಲ್ಲದೆ ಲಿವರ್ ತಿನ್ನುತ್ತದೆ. ದೇಶದಲ್ಲಿ ನೂರಕ್ಕೊಬ್ಬರಿಗಿದ್ದರೆ ಈ ಓಣಿಯಲ್ಲಿ ಐದಕ್ಕೊಬ್ಬರಿಗೆ.

"ಇದರಲ್ಲಿ ಬೇರೆ ಬೇರೆ ತಳಿ ಇದಾವೆ. ಇಲ್ಲಿ ಸಿಕ್ಕಿದ್ದೆಲ್ಲ ಒಂದೇ ತಳಿ, ಅದೂ ಅಪರೂಪದ್ದು. ಒಂದೇ ಕಡೆಯಿಂದ ಹಬ್ಬಿರಬೇಕು. ಹಿಂದೆ ಇಂಜೆಕ್ಷನ್ ಯಾರು ಕೊಡ್ತಿದ್ರು?"

ಜನ ಮುಖ ಮುಖ ನೋಡಿಕೊಂಡರು. ಇನ್ಯಾರು, ಸತ್ತುಹೋದ ಕಾಂಪೌಂಡರ್. ಒಂದೇ ಗಾಜಿನ ಸಿರಿಂಜು, ಬಿಸಿನೀರಲ್ಲಿ ಅದ್ದಿ ಅದ್ದಿ ಎಲ್ಲರಿಗೂ ಅದೇ. ಅವನು ಪ್ಲಾಸ್ಟಿಕ್ಕಿನದು ತಂದಾಗ ಬೇಡ ಅಂದವರೂ ಇವರೇ. "ಒಂದು ಸಲಕ್ಕೇ ಬಿಸಾಡೋದರಲ್ಲಿ ಏನು ಗುಣ ಇರುತ್ತೆ? ಹಳೇದಕ್ಕೆ ಕೈಗುಣ ಇದೆ" ಅಂತ ಜಗಳಾಡಿ ಚುಚ್ಚಿಸಿಕೊಂಡಿದ್ದರು. ಬೆನ್ನುನೋವಿನ ತಮ್ಮನನ್ನು ಅಲ್ಲಿಗೆ ವಾರವಾರ ಕೈಹಿಡಿದು ಎಳೆದೊಯ್ಯುತ್ತಿದ್ದವನು ಭಾವ.

ಇಸ್ತ್ರಿಯಮ್ಮ ಎದ್ದು ನಿಂತಳು. "ಹಾಗಾದ್ರೆ ನಮ್ಮನೆಯೋರಿಗೂ ಇದೇ ಬಂದಿತ್ತಾ?"

"ಇದ್ದಿರಬಹುದಮ್ಮ. ಸತ್ತವರ ರಕ್ತ ಎಲ್ಲಿಂದ ತರ್ಲಿ?"

ಹಿಂದಿನಿಂದ ಯಾರೋ ನಕ್ಕರು. "ನಮ್ಮದು ಸೂಜಿಯಿಂದ ಬಂದಿದ್ದು, ಅವನದು ಬಾಟ್ಲಿಯಿಂದ!"

ನರ್ಸುಗಳ ಕೋಟು ತಿಕ್ಕಿ ವಾಪಸ್ ಕೊಡಲು ಇಸ್ತ್ರಿಯಮ್ಮ ಆಸ್ಪತ್ರೆಗೆ ಹೋದಾಗ, ಆ ರೋಗದ ಮಾತ್ರೆಯ ಸಾಲಿನಲ್ಲಿ ತಲೆತಗ್ಗಿಸಿ ನಿಂತ ಭಾವ ಕಣ್ಣಿಗೆ ಬಿದ್ದ. ಸಂಜೆಗೆ ಮನೆಗೇ ಬಂದ.

"ಮೂರು ತಿಂಗಳು ನುಂಗಿದರೆ ವಾಸಿಯಂತೆ. ಯಾರ ಹತ್ರನೂ ಬಾಯಿ ಬಿಡಬೇಡಮ್ಮ. ಲಿವರ್ ಅಂದ್ರೆ ಜನ ಏನಂತಾರೆ ಗೊತ್ತಲ್ಲ."

"ಗೊತ್ತಿಲ್ದೆ ಏನು ಭಾವ? ಜನಕ್ಕೆ ಹೇಳಿಕೊಟ್ಟಿದ್ದೇ ನೀವು. ನಾನು ಬಾಯಿ ಬಿಡಲ್ಲ. ನೀವೇ ಬಾಯಿ ಬಿಡಿ. ನನ್ನ ತಮ್ಮ ಕುಡೀತಿರಲಿಲ್ಲ ಅಂತ ಅಂಗಡೀಲಿ ನಾಲ್ಕು ಜನರ ಮುಂದೆ ಅನ್ನಿ. ನನ್ನ ಮಗಳು ಕೇಳಿಸಿಕೊಳ್ಳಲಿ."

"ಈಗ ಅದ್ಯಾಕೆ ಕೆದಕ್ತೀಯ? ನಾನು ಹಾಗಂದ್ರೆ ಅವನು ಎದ್ದು ಬರ್ತಾನಾ?"

ಚಪ್ಪಲಿ ಮೆಟ್ಟಿಕೊಂಡು ಹೋಗೇಬಿಟ್ಟ. ಮಾತ್ರೆ ನುಂಗಿದ, ಗುಂಡುಕಲ್ಲಿನಂತಾದ. ಕೇಳಿದವರಿಗೆ ಗ್ಯಾಸ್ ಆಗಿತ್ತು ಅಂದ.

ಇಸ್ತ್ರಿಯಮ್ಮ ಅವನ ಅಂಗಡಿಯ ಬಟ್ಟೆಗಂಟನ್ನು ತಿಕ್ಕದೆ ಹಾಗೆಯೇ ಹಿಂದಕ್ಕೆ ಕಳಿಸಿದಳು. ಕೊಟ್ಟ ಮಾತಿಗೆ ತಪ್ಪಲಿಲ್ಲ, ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಓಣಿಗೆ ಅವಳು ಇವತ್ತಿಗೂ ಕುಡುಕನ ಹೆಂಡತಿಯೇ.