ಓಣಿಯ ಬಾಯಿಗೆ ಕಟ್ಟಿದ ಫ್ಲೆಕ್ಸು

ಆ ಫ್ಲೆಕ್ಸು ಮಾಡಿಸಿದವಳು ನಾನೇ. ಬೇರೆಯವರ ಮೇಲೆ ಹೊರಿಸಿ ಕೈ ತೊಳೆದುಕೊಳ್ಳೋಣವೆಂದರೆ ಅದಕ್ಕೂ ದಾರಿಯಿಲ್ಲ. ಫೋಟೊ ಆರಿಸಿದವಳು ನಾನು, ತೆಲುಗಿನಲ್ಲಿ ಒಕ್ಕಣೆ ಬರೆಸಿದವಳು ನಾನು, ಒಂದು ಸಾಲದೆಂದು ಮೂರು ಹೊಡೆಸಿದವಳೂ ನಾನು.

ಆಗ ನಾನು ವಿಶಾಖಪಟ್ಟಣದಲ್ಲಿ ಬ್ಯಾಂಕಿನ ಅಧಿಕಾರಿ. ಬೆಟಗೇರಿಯ ಮಿಶನ್ ಕಂಪೌಂಡಿನಲ್ಲಿ ಹುಟ್ಟಿ ಬೆಳೆದವಳು, ವರ್ಗವಾಗಿ ಅಲ್ಲಿಗೆ ಹೋಗಿ ಮೂರು ವರ್ಷವಾಗಿತ್ತು. ಊರಿನ ನಮ್ಮ ಚರ್ಚಿನ ಸಭೆಯವರು ಹತ್ತು ದಿನದ ಸೇವೆಗೆ ಎಂಟು ಜನರನ್ನು ಕಳಿಸುತ್ತೇವೆ, ಬಡವರಿರುವ ಜಾಗ ನೋಡಿಡು ಎಂದಾಗ ನನಗೆ ಎಲ್ಲಿಲ್ಲದ ಹುರುಪು ಬಂತು. ದುವ್ವಾಡ ಸ್ಟೇಷನ್ನಿನ ಆಚೆ ಕೂಲಿಯವರ ಒಂದು ಕಾಲೊನಿಯಿತ್ತು. ಅಲ್ಲಿನ ಹೆಂಗಸರಲ್ಲಿ ಮುಕ್ಕಾಲು ಪಾಲು ಹತ್ತಿರದ ಕಾರ್ಖಾನೆಗಳಲ್ಲಿ ಕಸ ಗುಡಿಸುವವರು, ಪ್ಯಾಕಿಂಗ್ ಮಾಡುವವರು. ಅಲ್ಲಿಯೇ ಕಣ್ಣಿನ ತಪಾಸಣೆ, ಕನ್ನಡಕ ಹಂಚುವುದು, ಮಕ್ಕಳಿಗೆ ಸಂಜೆ ಪಾಠ ಎಂದು ನಿಗದಿ ಮಾಡಿದೆ. ನಾನೂ ರಜೆ ಹಾಕಿದೆ. ತಂಡದ ಹಿರಿಯರು ಒಬ್ಬ ನಿವೃತ್ತ ಹೆಡ್‌ಮಾಸ್ತರು. ಸಾಲಿಯಲ್ಲಿ ನನಗೆ ಗಣಿತ ಕಲಿಸಿದವರು, ಈಗಲೂ ನನ್ನನ್ನು ಹಿಂದಿನ ಬೆಂಚಿನವಳೆಂದೇ ತಿಳಿದಿದ್ದವರು.

ಬಂದ ಮೊದಲ ದಿನವೇ ನಮ್ಮ ಬಣ್ಣ ಬಯಲಾಯಿತು. ಎಂಟೂ ಜನರಿಗೆ ತೆಲುಗು ಬಾರದು, ನನ್ನದು ಕೌಂಟರಿನ ತೆಲುಗು. ಸಹಿ ಮಾಡಿ, ನಾಳೆ ಬನ್ನಿ ಎನ್ನುವಷ್ಟಕ್ಕೆ ಸರಿ. ಆಗ ನೆರವಿಗೆ ಬಂದವಳು ಆ ಹುಡುಗಿ. ಹನ್ನೆರಡನೇ ತರಗತಿ ಮುಗಿಸಿ ಮನೆಯಲ್ಲಿದ್ದಳು. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಎರಡೇ ದಿನದಲ್ಲಿ ನಮ್ಮ ಗದುಗಿನ ಕಡೆಯ ಮಾತನ್ನೂ ಹಿಡಿದುಬಿಟ್ಟಳು. "ಬರ್ರಿ ಅಜ್ಜೀ, ಕೂಡ್ರಿ" ಎಂದು ತೆಲುಗಿನ ಮುದುಕಿಯರನ್ನೇ ಕರೆದು ಎಲ್ಲರನ್ನೂ ನಗಿಸುತ್ತಿದ್ದಳು. ಅವಳಿಲ್ಲದಿದ್ದರೆ ನಾವು ಹತ್ತಿರ ಕಾಣದವರಿಗೆ ದೂರದ ಕನ್ನಡಕ ಕೊಟ್ಟು ಬರುತ್ತಿದ್ದೆವು.

ಐದನೆಯ ದಿನ ಮಧ್ಯಾಹ್ನ, ಕನ್ನಡಕಗಳಿಗೆ ಚೀಟಿ ಅಂಟಿಸುತ್ತ ಕುಳಿತಿದ್ದಾಗ, ಅವಳು ತಾನಾಗಿಯೇ ನನಗೊಂದು ವಿಷಯ ಹೇಳಿದಳು. ಹಿಂದಿನ ವರ್ಷ ಋಷಿಕೊಂಡದ ಕಡಲಿನಲ್ಲಿ ಅವಳಿಗೆ ಕ್ರೈಸ್ತಳಾಗುವ ದೀಕ್ಷಾಸ್ನಾನವಾಗಿತ್ತು. "ನೀರಿಂದ ಎದ್ದಾಗ ಮೂಗಿನಲ್ಲೆಲ್ಲ ಉಪ್ಪುನೀರು, ಆಂಟಿ. ಎಲ್ಲರೂ ಹಾಡ್ತಿದ್ದಾರೆ, ನಾನು ಕೆಮ್ತಾ ಇದ್ದೀನಿ" ಎಂದು ನಕ್ಕಳು. ಹೇಳುವಾಗ ಮುಖ ಅರಳಿತ್ತು. ಅಷ್ಟು ಸಂತೋಷವನ್ನು ಹೊರಗಿನ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳೆಂದು ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ. ಮೊಬೈಲ್ ಎತ್ತಿ ಅವಳ ಫೋಟೊ ತೆಗೆದೆ. "ಫೋಟೊ ಬೇಡ ಆಂಟಿ" ಎಂದಳು. ಹುಡುಗಿಯರಿಗೆ ಇರುವ ನಾಚಿಕೆ ಎಂದುಕೊಂಡೆ.

ನಮ್ಮಲ್ಲೊಂದು ರೂಢಿಯಿದೆ. ಹತ್ತು ದಿನದ ಸೇವೆಯೆಂದರೆ ಕೊನೆಯ ಸಂಜೆ ಸಾಕ್ಷಿಕೂಟ ಆಗಲೇಬೇಕು. ಒಬ್ಬೊಬ್ಬರೂ ಎದ್ದು ದೇವರು ಏನು ಮಾಡಿದನೆಂದು ಹೇಳಬೇಕು, ನೆರವಾದವರನ್ನು ಹೆಸರು ಹಿಡಿದು ಹೊಗಳಬೇಕು, ಫೋಟೊ ಊರಿಗೆ ಹೋಗಬೇಕು. ಸದ್ದಿಲ್ಲದೆ ಉಪಕಾರ ಪಡೆದು ಸದ್ದಿಲ್ಲದೆ ಹೊರಟರೆ ನಮ್ಮ ಕಡೆ ಅದು ಕೃತಘ್ನತೆ. ಅದಕ್ಕೇ ನಾನು ಫ್ಲೆಕ್ಸು ಮಾಡಿಸಿದೆ. ಒಂದು ಕಡೆ ಕೂಟದ ಕರೆ, ಇನ್ನೊಂದು ಕಡೆ ಹುಡುಗಿಯ ನಗುಮುಖ, ಕೆಳಗೆ ಅವಳ ಹೆಸರು, ಅದರ ಕೆಳಗೆ ದಪ್ಪಕ್ಷರದಲ್ಲಿ 'ಕ್ರೀಸ್ತುನಂದು ಮಾ ಸಹೋದರಿ'. ಕ್ರಿಸ್ತನಲ್ಲಿ ನಮ್ಮ ಸಹೋದರಿ. ಅವಳಿಗೆ ಬೆರಗಾಗಲಿ ಎಂದು ಮೊದಲೇ ಹೇಳಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಮೂರೂ ಏರಿದವು. ಒಂದು ಓಣಿಯ ಬಾಯಿಗೆ, ಒಂದು ಕೂಟದ ಶೆಡ್ಡಿಗೆ, ಒಂದು ದೊಡ್ಡ ರಸ್ತೆಯ ಆಟೊ ಸ್ಟ್ಯಾಂಡಿಗೆ. ಎಂಟೂವರೆಗೆ ಹುಡುಗಿಯ ತಾಯಿ ಪಾಳಿ ಮುಗಿಸಿ ಟಿಫಿನ್ ಡಬ್ಬಿ ಹಿಡಿದು ಬಂದವಳು ಓಣಿಯ ಬಾಯಲ್ಲಿ ನಿಂತುಬಿಟ್ಟಳು. ಮೊದಲು ಓದಿದಳು. ಆಮೇಲೆ ಡಬ್ಬಿಯನ್ನು ನೆಲಕ್ಕೆ ಬಿಸಾಡಿ ಹಗ್ಗಕ್ಕೆ ಜಿಗಿದಳು. ಕೈ ಎಟುಕಲಿಲ್ಲ.

"ಯಾರು ಕಟ್ಟಿದ್ದು ಇದನ್ನ? ಯಾರು?" ಎಂದು ಕಿರುಚಿದಳು.

ನಾನು ಓಡಿಹೋಗಿ, ನಾನೇ ಎಂದೆ. ಆ ಹೆಂಗಸು ಹತ್ತು ದಿನವೂ ನನ್ನನ್ನು ಮೇಡಂಗಾರು ಎಂದೇ ಕರೆದವಳು. ಆ ಗಳಿಗೆಯಲ್ಲಿ ನನ್ನ ಕೈ ಹಿಡಿದು ಎಳೆದು, ಎರಡು ಮನೆಗಳ ನಡುವಿನ ಸಂದಿಗೆ ಒಯ್ದು, ಹಲ್ಲು ಕಚ್ಚಿ ತೆಲುಗಿನಲ್ಲಿ ಹೇಳಿದಳು: "ಇವತ್ತೇ ಬರ್ತಾರಂಡಿ. ಹತ್ತು ಗಂಟೆಗೆ. ನನ್ನ ಮಗಳ ಕುಲದ ಸರ್ಟಿಫಿಕೇಟಿನ ವಿಚಾರಣೆಗೆ."

ಹುಡುಗಿಗೆ ವಿಜಯವಾಡದ ಸರ್ಕಾರಿ ನರ್ಸಿಂಗ್ ಕಾಲೇಜಿನಲ್ಲಿ ಪರಿಶಿಷ್ಟ ಜಾತಿಯ ಪಾಲಿನ ಸೀಟು ಸಿಕ್ಕಿತ್ತು. ನಾಲ್ಕು ದಿನದೊಳಗೆ ಜಾತಿ ಪ್ರಮಾಣಪತ್ರ ಒಯ್ದು ಕೊಡದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತಿತ್ತು. ಕಾಗದದಲ್ಲಿ ಆ ಮನೆಯವರು ಹಿಂದೂಗಳು. ಕ್ರೈಸ್ತರೆಂದು ಬರೆದ ದಿನ ಆ ಪಟ್ಟಿಯಿಂದ ಹೊರಬಿದ್ದು ಹಿಂದುಳಿದವರ ಇನ್ನೊಂದು ಪಟ್ಟಿಗೆ ಸೇರುತ್ತಾರೆ, ಆ ಪಟ್ಟಿಯಲ್ಲಿ ಅವಳ ಅಂಕಗಳಿಗೆ ಸೀಟಿರಲಿಲ್ಲ. ಬ್ಯಾಂಕಿನಲ್ಲಿ ಎಷ್ಟೋ ಜಾತಿ ಪ್ರಮಾಣಪತ್ರಗಳನ್ನು ತಿರುವಿಹಾಕಿದವಳು ನಾನು. ಆದರೆ ನಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದಿಂದ ಧರ್ಮದ ಕಾಲಮ್ಮಿನಲ್ಲಿ ಕ್ರೈಸ್ತ ಎಂದು ಬರೆಯುತ್ತ ಬಂದಿದ್ದೇವೆ, ಅದರಿಂದ ನಮಗೆ ಏನೂ ಹೋಗಿರಲಿಲ್ಲ. ಹೋಗುವವರೂ ಇದ್ದಾರೆಂದು ನನಗೆ ಹೊಳೆದೇ ಇರಲಿಲ್ಲ.

"ಚರ್ಚಿಗೆ ಹೋದರೆ ನಾವು ಬೇರೆ ಜಾತಿ ಆಗ್ತೀವಾ, ಮೇಡಂಗಾರೂ?" ಎಂದಳು ತಾಯಿ. "ನಮ್ಮ ಸೂಪರ್‌ವೈಸರಿಗೆ ಹೋಗಿ ಹೇಳಿ. ಅಲ್ಲಿ ನನ್ನ ಟೀ ಲೋಟ ಇವತ್ತೂ ಬೇರೇನೇ ಇದೆ."

 ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂದು ಆಡಿಕೊಳ್ಳುತ್ತೇವಲ್ಲ, ಅದು ಇಲ್ಲಿ ಆಡಿಕೊಳ್ಳುವ ಮಾತಾಗಿರಲಿಲ್ಲ. ಒಬ್ಬ ಹುಡುಗಿಯ ಬದುಕು ನನ್ನ ಮೂರು ಫ್ಲೆಕ್ಸಿಗೆ ತೂಗುಬಿದ್ದಿತ್ತು.

ಶೆಡ್ಡಿನದನ್ನು ಇಳಿಸಲು ಹೋದರೆ ಹೆಡ್‌ಮಾಸ್ತರು ಅಡ್ಡ ನಿಂತರು. ವಿಷಯ ಹೇಳಿದೆ. ಅವರ ಹುಬ್ಬು ಗಂಟಿಕ್ಕಿತು.

"ದೇವರ ಹೆಸರಿನ ಬೋರ್ಡು ಇಳಸೂದೇನವಾ? ಸುಳ್ಳು ಹೇಳಿ ಸೀಟು ತಗೊಳ್ಳಾಕ ನಾವು ಕೈ ಹಚ್ಚೂದೇನು? ಇದು ಯಾವ ಸೇವಾ?"

ಅವರ ಮಾತಿನಲ್ಲಿ ನ್ಯಾಯವಿರಲಿಲ್ಲ ಎನ್ನಲಾರೆ. ಆದರೆ ನನ್ನ ಸಿಟ್ಟು ನೆತ್ತಿಗೇರಿತ್ತು, ಅದರಲ್ಲಿ ಅರ್ಧ ನನ್ನ ಮೇಲಿನ ಸಿಟ್ಟೇ. "ಸರ, ನಿಮ್ಮ ಮಗ ಕಾಲೇಜಿಗೆ ಸೇರುವಾಗ ಯಾರರ ನಿಮಗ ಸೀಟು ಬೇಕೋ ದೇವರು ಬೇಕೋ ಅಂತ ಕೇಳಿದ್ರೇನು? ನನ್ನನ್ನ ಕೇಳಿದ್ರೇನು? ಈ ಹುಡುಗಿಗಷ್ಟೇ ಯಾಕ್ರಿ ಈ ಪರೀಕ್ಷಾ?" ಎಂದು ಎಲ್ಲರ ಮುಂದೆಯೇ ಕೂಗಿದೆ. ಗುರುಗಳ ಮುಂದೆ ಧ್ವನಿ ಎತ್ತಿದ್ದು ಅದೇ ಮೊದಲು.  ಅವರು ಜೇಬಿನಿಂದ ಪೆನ್ಸಿಲ್ ಚೂಪು ಮಾಡುವ ಚಾಕು ತೆಗೆದು ನನ್ನ ಕೈಯಲ್ಲಿಟ್ಟು, ಬೇರೆ ಕಡೆ ತಿರುಗಿ ಕುಳಿತರು.

ಶೆಡ್ಡಿನದು, ಓಣಿಯದು ಎರಡೂ ಇಳಿದವು. ಆಟೊ ಸ್ಟ್ಯಾಂಡಿಗೆ ಓಡಿದೆ. ಅಲ್ಲಿನದನ್ನು ಟೀ ಅಂಗಡಿಯ ಮೇಲೆ ಎರಡು ಕಂಬಗಳ ನಡುವೆ ಎತ್ತರಕ್ಕೆ ಬಿಗಿದಿದ್ದರು. ಎಲ್ಲರಿಗೂ ಕಾಣಲಿ ಎಂದು ಎತ್ತರಕ್ಕೆ ಕಟ್ಟಿಸಿದವಳೂ ನಾನೇ ತಾನೆ! ಏಣಿ ಇರಲಿಲ್ಲ. ಒಬ್ಬ ಆಟೊದವನು ಗಾಡಿಯನ್ನು ಕಂಬಕ್ಕೆ ತಾಗಿಸಿ ನಿಲ್ಲಿಸಿದ, ನಾನು ಸೀರೆ ಎತ್ತಿ ಕಟ್ಟಿ ಡ್ರೈವರ್ ಸೀಟಿನ ಅಂಚಿಗೆ ಹತ್ತಿ, ಚಾವಣಿ ಹಿಡಿದು ಹೊರಗೆ ಬಾಗಿದೆ. ಐವತ್ತರ ಹೆಂಗಸು ಆಟೊ ಹತ್ತಿ ಹಗ್ಗ ಕೊಯ್ಯುವುದನ್ನು ನೋಡಲು ಟೀ ಕುಡಿಯುವವರೆಲ್ಲ ಎದ್ದು ಬಂದರು. ಸದ್ದಿಲ್ಲದೆ ಮಾಡಬೇಕಾದ ಕೆಲಸಕ್ಕೆ ಜಾತ್ರೆಯೇ ಸೇರಿತು.

ಒಂದು ಬದಿಯ ಹಗ್ಗ ಕೊಯ್ದೆ. ಫ್ಲೆಕ್ಸು ಒಂದು ತುದಿಯಲ್ಲಿ ಜೋತು, ರಸ್ತೆಗೆ ಎದುರಾಗಿ ತೂಗತೊಡಗಿತು. ಅದೇ ಹೊತ್ತಿಗೆ ಒಂದು ಬೈಕು ಬಂದು ನಿಂತಿತು. ಅಲ್ಲಿ ವಾರ್ಡಿನ ಸರ್ಕಾರಿ ಕಚೇರಿಗೆ ಸಚಿವಾಲಯ ಎನ್ನುತ್ತಾರೆ. ಅಲ್ಲಿಂದ ವಿಚಾರಣೆಗೆ ಬಂದ ಯುವಕ. ಹತ್ತು ಗಂಟೆಗೆ ಇನ್ನೂ ಕಾಲು ಗಂಟೆಯಿತ್ತು. ಹೆಲ್ಮೆಟ್ ತೆಗೆದ, ತಲೆಯೆತ್ತಿ ಹುಡುಗಿಯ ಮುಖ ನೋಡಿದ, ಕೆಳಗಿನ ಸಾಲು ಓದಿದ, ಕೈಯಲ್ಲಿದ್ದ ಫೈಲು ತೆರೆದು ಹೆಸರು ನೋಡಿದ. ಸುತ್ತ ನಿಂತವರೆಲ್ಲ ಅವನು ಓದುವುದನ್ನು ನೋಡಿದರು. ನನ್ನ ಕೈಯಲ್ಲಿ ಇನ್ನೂ ಚಾಕು ಇತ್ತು.

ಬರೆಸಿದವಳು ನಾನೇ ಎನ್ನುತ್ತ ಅವನ ಹಿಂದೆಯೇ ಆ ಮನೆಗೆ ಹೋದೆ. ಒಂದೇ ಕೋಣೆ. ಗೋಡೆಯಲ್ಲಿ ಬೈಬಲ್ ವಾಕ್ಯದ ಕ್ಯಾಲೆಂಡರ್ ಇದ್ದ ಜಾಗ ಮಾತ್ರ ಬೆಳ್ಳಗಿತ್ತು, ಮೊಳೆ ಹಾಗೆಯೇ ಇತ್ತು. ಹುಡುಗಿ ತಾಯಿಯ ಪಕ್ಕದಲ್ಲಿ ನಿಂತಿದ್ದಳು. ನನ್ನತ್ತ ನೋಡಲಿಲ್ಲ.

ಆ ಯುವಕ ಕೆಟ್ಟವನಲ್ಲ. ನನ್ನನ್ನು ಬಾಗಿಲ ಹತ್ತಿರ ಕರೆದು ದನಿ ತಗ್ಗಿಸಿ ಹೇಳಿದ: "ಮೇಡಂ, ನಾನು ಈ ಓಣಿಗೆ ಎಷ್ಟೋ ಸಲ ಬಂದಿದ್ದೀನಿ. ಮನೆ ನೋಡ್ತೀನಿ, ಅಕ್ಕಪಕ್ಕದವರ ಹತ್ರ ಕುಲ ಕೇಳ್ತೀನಿ, ಬರ್ಕೊಂಡು ಹೋಗ್ತೀನಿ. ಭಾನುವಾರ ಎಲ್ಲಿಗೆ ಹೋಗ್ತೀರಿ ಅಂತ ಇವತ್ತಿನವರೆಗೆ ಯಾರನ್ನೂ ಕೇಳಿಲ್ಲ. ಈಗ ನಾನು ಓದಿದ್ದನ್ನ ಸ್ಟ್ಯಾಂಡಿನವರೆಲ್ಲಾ ನೋಡಿದ್ದಾರೆ. ಕೇಳದೆ ಹೇಗೆ ಹೋಗಲಿ?"

ಆಗ ನನಗೆ ತಿಳಿಯಿತು. ಆ ಓಣಿ ಇಷ್ಟು ವರ್ಷ ಬದುಕಿದ್ದೇ ಹಾಗೆ. ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ, ಕೇಳದಿದ್ದಾಗ ಯಾರೂ ಸುಳ್ಳು ಹೇಳಬೇಕಾಗಿಲ್ಲ. ಆ ಮೌನವನ್ನು ನಾನು ದಪ್ಪಕ್ಷರದಲ್ಲಿ ಒಡೆದಿದ್ದೆ.

"ಬರೆಸಿದವರು ನೀವು. ಹೇಳಿ, ಈಕೆ ಕ್ರಿಸ್ಟಿಯನ್ನಾ?"

"ಅಲ್ಲ" ಎಂದೆ. "ನಮಗೆ ಭಾಷೆ ಬರೋದಿಲ್ಲ, ಸಹಾಯ ಮಾಡಿದಳು. ಎಲ್ಲರನ್ನೂ ಸಹೋದರಿ ಅಂತ ಬರೆಯೋದು ನಮ್ಮ ರೂಢಿ." ಸಲೀಸಾಗಿ ಬಂತು ಮಾತು. ಗ್ರಾಹಕರನ್ನು ಸಾಗಹಾಕುವಾಗ ಬರುವಷ್ಟೇ ಸಲೀಸಾಗಿ.

ಅವನು ತಲೆಯಾಡಿಸಿ, ಹುಡುಗಿಯತ್ತ ತಿರುಗಿದ. "ನೀನು ಹೇಳಮ್ಮಾ. ನೀನು ಚರ್ಚಿಗೆ ಸೇರಿದವಳಾ?"

ತಾಯಿ ಮಗಳ ಮೊಣಕೈಯನ್ನು ಹಿಡಿದುಕೊಂಡಳು. ಹುಡುಗಿ ಗೋಡೆಯ ಆ ಮೊಳೆಯನ್ನೇ ನೋಡುತ್ತ ನಿಂತಳು. ಎಷ್ಟು ಹೊತ್ತೆಂದರೆ, ಇವಳು ಹೌದು ಎಂದುಬಿಡುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡೆ. ಹೇಳಬೇಡ ತಾಯಿ, ಹೇಳಬೇಡ ಎಂದು ಒಳಗೇ ಬೇಡಿಕೊಂಡೆ. ಯಾರನ್ನು ಬೇಡಿಕೊಂಡೆನೋ ನನಗೇ ಗೊತ್ತಿಲ್ಲ.

"ಕಾದಂಡಿ" ಎಂದಳು. ಅಲ್ಲ ಎಂದು.

ಅವನು ಹಾಗೆಯೇ ಬರೆದುಕೊಂಡು ಹಾಳೆ ಮುಂದೆ ಮಾಡಿದ. ಅವಳು ನಿಂತಲ್ಲೇ ಬಾಗಿ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು. ಅವನು ಹೋದ ಮೇಲೆ ತಾಯಿ ನನಗೊಂದು ಲೋಟ ನೀರು ಕೊಟ್ಟು, "ಇನ್ನು ನಮ್ಮ ವಿಷಯ ಎಲ್ಲೂ ಏನೂ ಹೇಳಬೇಡಿ" ಎಂದಳು. ಸಂಜೆಯ ಸಾಕ್ಷಿಕೂಟಕ್ಕೆ ಹುಡುಗಿ ಬರಲಿಲ್ಲ. ಹೆಡ್‌ಮಾಸ್ತರು ಎರಡು ಸಲ ನನ್ನ ಹೆಸರು ಕರೆದರು. ನಾನು ಏಳಲಿಲ್ಲ.

ಪ್ರಮಾಣಪತ್ರ ಬಂತು, ಸೀಟು ಉಳಿಯಿತು. ಎರಡು ವರ್ಷದ ನಂತರ ನನಗೂ ವಿಜಯವಾಡಕ್ಕೆ ವರ್ಗವಾಯಿತು. ಪಟಮಟದಲ್ಲಿ ಮನೆ ಮಾಡಿದ್ದು ತಿಳಿದು ಹುಡುಗಿ ಫೋನ್ ಮಾಡಿದಳು, ಒಂದು ಭಾನುವಾರ ಬೆಳಿಗ್ಗೆ ಸಿಟಿ ಬಸ್ಸಿನಲ್ಲಿ ಬಂದಳು. ತುಸು ತೆಳ್ಳಗಾಗಿದ್ದಳು. ವಾರ್ಡಿನ ಕೆಲಸ, ಹಾಸ್ಟೆಲಿನ ಸಾಂಬಾರು ಎಂದು ಬಾಯ್ತುಂಬ ಮಾತನಾಡಿದಳು. ನನ್ನ ಮೇಲೆ ಸಿಟ್ಟಿದ್ದಂತೆ ಕಾಣಲಿಲ್ಲ. ನನಗೆ ಹೋದ ಜೀವ ಬಂದಂತಾಗಿ, ತಲೆ ಬಾಚಿಕೊಳ್ಳುತ್ತ ಎಂದಿನ ರೂಢಿಯಲ್ಲಿ, "ನಡಿ, ನೀನೂ ಆರಾಧನೆಗೆ ಬಾ. ಬಂದು ಊಟ ಮಾಡೋಣ" ಎಂದೆ.

ಅವಳು ನೆಲ ನೋಡಿದಳು. "ನಾನು ಹೋಗೋದಿಲ್ಲ, ಆಂಟಿ."

"ಯಾಕೆ? ಇಲ್ಲಿ ನಿನ್ನನ್ನ ಯಾರು ನೋಡ್ತಾರೆ?"

"ನೋಡ್ತಾರೆ ಅಂತ ಅಲ್ಲ. ಆ ದಿನ 'ಅಲ್ಲ' ಅಂತ ಹೇಳಿದೆನಲ್ಲ. ಸಹಿ ಕೂಡ ಹಾಕಿದೆ. ಆಮೇಲೆ ಹೇಗೆ ಹೋಗಿ ಕೂತ್ಕೊಳ್ಳಲಿ?"

ದೇವರು ಕ್ಷಮಿಸುತ್ತಾನಮ್ಮಾ ಎಂದೆ. ನಮ್ಮ ಬಾಯಲ್ಲಿ ಸದಾ ತಯಾರಿರುವ ಮಾತು.

"ಗೊತ್ತಂಡಿ" ಎಂದಳು ಮೆಲ್ಲಗೆ. "ಯಾರೂ ಕೇಳದೆ ಇದ್ದಿದ್ರೆ ನಾನು ಹಾಗೆ ಹೇಳ್ತಾನೇ ಇರಲಿಲ್ಲ." ಆಮೇಲೆ ಅವಳೇ ನನ್ನನ್ನು ಸಮಾಧಾನ ಮಾಡುವವಳಂತೆ, "ನೀವು ಹೋಗಿ ಬನ್ನಿ. ನಾನು ಅನ್ನಕ್ಕಿಡ್ತೀನಿ" ಎಂದಳು.

ಹೋದೆ. ಆ ದಿನ ಅದೇ ಮನೆಯಲ್ಲಿ, ಅದೇ ಮನುಷ್ಯನೆದುರು, ಅವಳಿಗಿಂತ ಮೊದಲು 'ಅಲ್ಲ' ಎಂದವಳು ನಾನು. ಈ ಎರಡು ವರ್ಷದಲ್ಲಿ ಒಂದು ಭಾನುವಾರವನ್ನೂ ನಾನು ತಪ್ಪಿಸಿರಲಿಲ್ಲ. ತಪ್ಪಿಸಬೇಕೆಂದು ಅನ್ನಿಸಿಯೂ ಇರಲಿಲ್ಲ. ಆವತ್ತೂ ಮೂರನೆಯ ಸಾಲಿನ ನನ್ನ ಜಾಗದಲ್ಲಿ ಹೋಗಿ ಕುಳಿತೆ. ಪಕ್ಕದವರು ಸರಿದು ಜಾಗ ಕೊಟ್ಟರು.