ಗಾಳೆಪ್ಪನ ಕ್ಯಾಸೆಟ್ಟಿನ ಗಂಟು

"ಇಂಥಾ ದನಿ ಎಲ್ಲಿಂದ ತಂದಿಯೋ?" ಎಂದು ಯಾರಾದರೂ ಕೇಳಿದರೆ ಇಳಕಲ್ಲಿನ ಗಾಳೆಪ್ಪ ತನ್ನ ಎರಡೂ ಕಾಲುಗಳನ್ನು ಮುಂದೆ ಚಾಚಿ ತೋರಿಸುತ್ತಿದ್ದ. "ಹಾಡೋವು ಇವ ನೋಡ್ರಿ. ಬಾಯಿ ಬರೇ ಬಾಗಲಾ ತಗದು ನಿಂದರ್ತೈತಿ."

ಕೇಳಿದವರು ನಗುತ್ತಿದ್ದರು. ಆದರೆ ಅವನ ಮಟ್ಟಿಗೆ ಅದು ಖರೇ ಮಾತು. ಹನ್ನೆರಡನೆಯ ವಯಸ್ಸಿಗೆ ಅಪ್ಪ ಅವನನ್ನು ಸೀರೆ ನೇಯುವ ಮಗ್ಗದ ಕುಣಿಗೆ ಇಳಿಸಿದ್ದ. ಸೊಂಟದವರೆಗೆ ಕುಣಿ, ಕುಣಿಯೊಳಗೆ ಎರಡು ತುಳಿಮಣೆ, ಕೈಯಲ್ಲಿ ಲಾಳಿ. ಎಡಗಾಲು ಒತ್ತಬೇಕು, ಲಾಳಿ ಎಸೆಯಬೇಕು, ಬಲಗಾಲು ಒತ್ತಬೇಕು. ಎದುರಿನ ಚಹಾದಂಗಡಿಯ ರೇಡಿಯೋದಲ್ಲಿ ಬಂದ ಸಿನಿಮಾ ಹಾಡುಗಳನ್ನೆಲ್ಲ ಅವನು ಹೀಗೆ ತುಳಿಯುತ್ತಲೇ ಕಲಿತ. ಕಾಲು ನಿಂತರೆ ಹಾಡೂ ನಿಲ್ಲುತ್ತಿತ್ತು. ಮದುವೆಯಾದ ಮೇಲೆ, ಹಿಂದಿನ ಪಡಸಾಲೆಯಲ್ಲಿ ಕೂತು ಮಗ್ಗದ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಗಂಟು ಹಾಕುತ್ತಿದ್ದ ಹೆಂಡತಿ ಪದ್ಮವ್ವ, ಹಾಡು ನಿಂತ ಕೂಡಲೇ "ಎಳಿ ಹರೀತೇನು?" ಎಂದು ಅಲ್ಲಿಂದಲೇ ಕೇಳುತ್ತಿದ್ದಳು. ಅವಳು ಅವನ ಹಾಡು ಕೇಳುತ್ತಿದ್ದದ್ದು ಅಷ್ಟಕ್ಕೇ.

ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಹುನಗುಂದದ ರಾಜಮಹ್ಮದ ಒಂದು ಮೆಲೋಡಿ ಪಾರ್ಟಿ ಕಟ್ಟಿದ. ಅವನದೊಂದು ಅಕಾರ್ಡಿಯನ್ನು, ಒಂದು ಢೋಲಕ, ಮನಸ್ಸು ಬಂದಾಗ ಮಾತ್ರ ಮಾತಾಡುವ ಒಂದು ಮೈಕ್ ಸೆಟ್. ಗಾಳೆಪ್ಪ ಅದರಲ್ಲಿ ಹಾಡುಗಾರನಾದ. ಪಾರ್ಟಿಯ ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ "ರಾಜಮಹ್ಮದ ಮತ್ತು ಸಂಗಡಿಗರು" ಎಂದಿತ್ತು. ಸಂಗಡಿಗರು ಅಂದರೆ ಗಾಳೆಪ್ಪ.

"ನನ್ನ ಹೆಸರೂ ಒಂದ್ ಕಡೆ ಬರಸೋ," ಎಂದು ಅವನು ಒಮ್ಮೆ ಕೇಳಿದ.

"ಗಾಳೆಪ್ಪ ಅಂತ ಬರದ್ರ ಮಂದಿ ಮೆಲೋಡಿ ಕೇಳಾಕ ಬರ್ತಾರೇನಲೇ? ಸೀರಿ ಕೊಳ್ಳಾಕ ಬರ್ತಾರ," ಎಂದ ರಾಜಮಹ್ಮದ.

ಅಂದಿನಿಂದ ಗಾಳೆಪ್ಪನ ಎದೆಯಲ್ಲಿ ಒಂದೇ ಆಸೆ ಕೂತಿತು. ಸಾಯುವುದರೊಳಗೆ ಒಮ್ಮೆ ತನ್ನ ದನಿ ಎಲ್ಲಾದರೂ ಲೌಡ್‌ಸ್ಪೀಕರಿನಲ್ಲಿ ತಾನಿಲ್ಲದೆಯೇ ಕೇಳಬೇಕು, ಅದರ ಹಿಂದೆ ತನ್ನ ಹೆಸರಿರಬೇಕು. ಇದನ್ನು ಅವನು ಪದ್ಮವ್ವನಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವಳು "ಎಳಿ ಹರೀತೇನು?" ಎಂದೇ ಕೇಳುತ್ತಿದ್ದಳೆಂದು ಅವನಿಗೆ ಗೊತ್ತಿತ್ತು.

ಸ್ಟೇಜಿನ ಮೇಲೆ ಗಾಳೆಪ್ಪನನ್ನು ನೋಡುವುದೇ ಒಂದು ಮೋಜು. ನಿಂತು ಹಾಡಿದರೂ ಕಾಲುಗಳು ತುಳಿಯುತ್ತಲೇ ಇರುತ್ತಿದ್ದವು. ಪ್ರೇಮಗೀತೆ ಹಾಡುವಾಗಲೂ ಕಾದ ಹಂಚಿನ ಮೇಲೆ ನಿಂತವನಂತೆ ಕಾಣುತ್ತಿದ್ದ. "ಪಾಯಖಾನಿ ಆ ಕಡೆ ಐತ್ರಿ!" ಎಂದು ಹಿಂದಿನಿಂದ ಯಾರಾದರೂ ಕೂಗುವುದು ಪ್ರತಿ ಕಾರ್ಯಕ್ರಮದಲ್ಲೂ ಇದ್ದದ್ದೇ. ಬಾದಾಮಿಯ ಒಂದು ಮದುವೆಯಲ್ಲಂತೂ ಡ್ರಮ್ಮುಗಳ ಮೇಲೆ ಹಲಗೆ ಹಾಸಿ ಸ್ಟೇಜು ಮಾಡಿದ್ದರು. ಎರಡನೆಯ ಹಾಡಿನ ನಡುವೆ ಹಲಗೆಯೊಂದು ಮುರಿದು ಗಾಳೆಪ್ಪ ಸೊಂಟದವರೆಗೆ ಕೆಳಗಿಳಿದ. ಕಾಲುಗಳು ಗಾಳಿಯಲ್ಲಿ ತೂಗಾಡಿದವು. ಅವು ಆ ಜಾಗವನ್ನು ಮಗ್ಗದ ಕುಣಿಯೆಂದು ತಿಳಿದುಕೊಂಡವೋ ಏನೋ, ಹಾಯಾಗಿ ತುಳಿಯತೊಡಗಿದವು. ಹಾಡು ನಿಲ್ಲಲೇ ಇಲ್ಲ. ಇಡೀ ಜೀವನದಲ್ಲಿ ತಾನು ಅಷ್ಟು ಚಂದ ಹಾಡಿದ್ದೇ ಇಲ್ಲ ಎಂದು ಅವನು ಹೇಳುತ್ತಿದ್ದ. ಬೀಗರು ಎದ್ದು ನಿಂತು ಚಪ್ಪಾಳೆ ಹೊಡೆದರು. ಅವರು ಅದನ್ನೂ ಕಾರ್ಯಕ್ರಮದ ಒಂದು ಭಾಗವೆಂದುಕೊಂಡಿದ್ದರು. ಆಮೇಲೆ ರಾಜಮಹ್ಮದ ಎಲ್ಲಿ ಹೋದರೂ ಮೊದಲು ಒಂದು ಎತ್ತರದ ಟೇಬಲ್ಲು ಕೇಳುತ್ತಿದ್ದ. "ನಮ್ಮ ಹಾಡವಗ ಕಾಲು ಇಳಿಬಿಡಾಕ ಬೇಕ್ರಿ."

ಎಂಬತ್ಮೂರರ ಬೇಸಿಗೆಯಲ್ಲಿ ಮರೋಳದ ಒಂದು ಮದುವೆಗೆ ಹೋದರು. ಅಕ್ಷತೆ ಬೀಳುವ ಮೊದಲೇ ಮದುಮಗಳ ಅಜ್ಜ ಹಂದರದ ಕಂಬಕ್ಕೆ ಒರಗಿ ಕೂತಲ್ಲೇ ತೀರಿಹೋದ. ಪಾರ್ಟಿಯವರು ಸಾಮಾನು ಕಟ್ಟುತ್ತಿದ್ದಾಗ ಮನೆಯ ಯಜಮಾನ ಬಂದು ಕೈ ಮುಗಿದ. "ಭಜನಿಯವರು ಊರಾಗಿಲ್ರಿ. ಬಂದದ್ದು ಬಂದೀರಿ, ನೀವ ನಾಕು ಭಜನಿ ಹೇಳ್ರಿ."

ರಾಜಮಹ್ಮದ ಗಾಳೆಪ್ಪನ ಮುಖ ನೋಡಿದ. ಪಾರ್ಟಿಗೆ ಬರುತ್ತಿದ್ದದ್ದು ಬರೀ ಪ್ರೇಮಗೀತೆ. "ಹುಡುಗಿ ಹೆಸರ ಬಂದಲ್ಲಿ ಶಿವಾ ಅನ್ನು, ಮೆಲ್ಲಕ ಎಳಿ," ಎಂದು ಕಿವಿಯಲ್ಲಿ ಹೇಳಿ ಅಕಾರ್ಡಿಯನ್ನು ಬಿಚ್ಚಿದ.

ಗಾಳೆಪ್ಪ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಒಂದು ಹಾಡನ್ನು ಹಾಗೆಯೇ ಎಳೆದ. ಶಿವನ ಕಣ್ಣೋಟಕ್ಕೆ ತನ್ನ ನಿದ್ದೆ ಕೆಟ್ಟಿತೆಂದು ಹಾಡುತ್ತಿದ್ದಂತೆ ಅವನಿಗೇ ನಾಚಿಕೆಯಾಯಿತು. ತನ್ನ ಹಾಡಿಗಾಗಿ ಕಾಯುತ್ತ ಮಲಗಿದ್ದ ಮುದುಕನ ಮುಖವನ್ನು ನೋಡಿ ಇನ್ನೂ ನಾಚಿಕೆಯಾಯಿತು. ಆ ಹಾಡು ಬಿಟ್ಟು, ಮಗ್ಗದಲ್ಲಿ ಕೂತಾಗ ತನ್ನಷ್ಟಕ್ಕೆ ಗುನುಗುತ್ತಿದ್ದ ತನ್ನದೇ ಒಂದು ಪದವನ್ನು ಎತ್ತಿಕೊಂಡ:

ತುಳಸಿಗೇರಿ ಹನುಮಪ್ಪಾ,
ನನ್ನ ಎಳಿ ನಿನ್ನ ಕೈಯಾಗೈತಪ್ಪಾ.

ಹೆಂಗಸರ ಅಳು ಸಣ್ಣಗಾಯಿತು. ಒಬ್ಬ ಮುದುಕಿ ಅವನ ಕಾಲುಗಳನ್ನೇ ನೋಡುತ್ತ, "ಪಾಪ, ಅವನ ಕಾಲೂ ದುಃಖಾ ಮಾಡಾಕತ್ತಾವ," ಎಂದಳು.

ಆ ಮಂದಿಯಲ್ಲಿ ಬಾಗಲಕೋಟೆಯ ಹನಮಂತಪ್ಪ ಇದ್ದ, ಮನೆಯವರ ದೂರದ ನೆಂಟ. ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದ. ಮಣ್ಣು ಮಾಡಿ ಬಂದ ಮೇಲೆ ಗಾಳೆಪ್ಪನನ್ನು ಬದಿಗೆ ಕರೆದ. "ಶ್ರಾವಣಕ್ಕ ತುಳಸಿಗೇರಿ ಹನುಮಪ್ಪನ ಮ್ಯಾಲ ಒಂದು ಕ್ಯಾಸೆಟ್ ತಗೀತೇನಿ. ಆರು ಹಾಡು. ನೀ ಹಾಡ್ತಿ?"

"ಹೆಸರು?" ಎಂದ ಗಾಳೆಪ್ಪ. ಮೊದಲು ಬಾಯಿಗೆ ಬಂದದ್ದು ಅದೇ.

"ಹಾಡಿದವರ ಹೆಸರ ಹಾಕಲಾರದ ಮತ್ತ ಯಾರದು ಹಾಕ್ಲಿ? ನಿಂದ, ದೊಡ್ಡ ಅಕ್ಷರದಾಗ."

ಇಳಕಲ್ಲಿಗೆ ಹಿಂತಿರುಗುವ ಬಸ್ಸಿನಲ್ಲಿ ಗಾಳೆಪ್ಪ ಕಿಟಕಿಯ ಗಾಜಿನ ಧೂಳಿನ ಮೇಲೆ ತನ್ನ ಹೆಸರು ಬರೆದು, ಎಷ್ಟು ದೊಡ್ಡ ಅಕ್ಷರ ಚಂದ ಕಾಣುತ್ತದೆಂದು ನೋಡುತ್ತ ಬಂದ.

ಹನಮಂತಪ್ಪನ ಅಂಗಡಿ ಇದ್ದ ಓಣಿ ಈಗ ಅಣೆಕಟ್ಟಿನ ಹಿನ್ನೀರಿನ ಅಡಿಗೆ ಹೋಗಿದೆ. ಅಂಗಡಿಯ ಹಿಂದಿನ ಕೋಣೆಯ ಗೋಡೆಗಳಿಗೆಲ್ಲ ಹೊದೆಯುವ ಕೌದಿ ಹೊಡೆದು ರೆಕಾರ್ಡಿಂಗ್ ಮಾಡುತ್ತಿದ್ದರು. ಗಾಳೆಪ್ಪ ಬಾಯಿ ತೆರೆದ. ಮೆಷಿನ್ನಿನಲ್ಲಿ ಹನುಮಪ್ಪನ ಪದದ ಜೊತೆಗೆ ಧಪ್ ಧಪ್ ಎಂದು ಕಾಲಿನ ಸದ್ದೂ ಕೇಳಿಸಿತು.

"ಏನದು, ಅವಲಕ್ಕಿ ಕುಟ್ಟಾಕತ್ತೀಯೇನು?" ಎಂದು ಹನಮಂತಪ್ಪ ರೇಗಿದ. ಟವಲ್ಲಿನಿಂದ ಕಾಲು ಕಟ್ಟಿಸಿದ. ಗಂಟಲಿನಿಂದ ಗಾಳಿ ಮಾತ್ರ ಹೊರಟಿತು. ಟೇಬಲ್ಲಿನ ಮೇಲೆ ಕೂಡಿಸಿದರೆ ಟೇಬಲ್ಲು ಕಿರುಗುಟ್ಟಿತು. ಕೊನೆಗೆ ಅವನನ್ನು ಕಿಟಕಿಯಲ್ಲಿ ಕೂಡಿಸಿದರು. ಮುಖ ಒಳಗೆ ತಿರುವಿ, ಕಾಲು ಮಾತ್ರ ಪಕ್ಕಕ್ಕೆ ಹೊರಗೆ, ಓಣಿಯ ಗಾಳಿಯಲ್ಲಿ. ಆ ಭಂಗಿಯಲ್ಲಿ ಆರು ಹಾಡು ಹಾಡಿದ. ಮುಗಿಯುವ ಹೊತ್ತಿಗೆ ಹೊರಗೆ ಮಂದಿ ನೆರೆದು, ಗೋಡೆಯಿಂದ ಹೊರಬಂದು ತುಳಿಯುತ್ತಿದ್ದ ಎರಡು ಕಾಲುಗಳನ್ನು ನೋಡುತ್ತ ನಿಂತಿದ್ದರು.

ಹನಮಂತಪ್ಪ ಕ್ಯಾಸೆಟ್ಟು ತಿರುಗಿಸಿ ಕೇಳಿದ. ಮುಖ ಅರಳಿತು. "ಸೋಮವಾರ ಹುಬ್ಬಳ್ಳಿಗೆ ಒಯ್ದು ಇದರ ಮ್ಯಾಲಿಂದ ಕಾಪಿ ಮಾಡಸ್ತೇನಿ."

ಅಲ್ಲಿಗೆ ನಮಸ್ಕಾರ ಹೇಳಿ ಬಸ್ಸು ಹತ್ತಬೇಕಾಗಿತ್ತು. ಗಾಳೆಪ್ಪ ಹತ್ತಲಿಲ್ಲ. "ಒಂದ ದಿನದ ಮಟ್ಟಿಗೆ ಕೊಡ್ರಿ. ಮನ್ಯಾಗ ಕೇಳಸಿ ಸೋಮವಾರ ಮುಂಜಾನಿ ತಂದು ಕೊಡ್ತೇನಿ," ಎಂದ.

"ಇರೋದು ಇದೊಂದ ಐತಿ."

"ಕೂಸಿನ್ಹಂಗ ಒಯ್ತೇನ್ರಿ."

ಹನಮಂತಪ್ಪ ಒಲ್ಲದ ಮನಸ್ಸಿನಿಂದ ಕೊಟ್ಟ.

ಓಣಿಯಲ್ಲಿ ಟೇಪ್ ರೆಕಾರ್ಡರ್ ಇದ್ದದ್ದು ಪಕ್ಕದ ಮನೆಯ ಮಾಬುಬಿಯ ಹತ್ತಿರ. ಸೌದಿಯಲ್ಲಿದ್ದ ಅವಳ ತಮ್ಮ ತಂದುಕೊಟ್ಟದ್ದು. ಭಾನುವಾರ ಮಧ್ಯಾಹ್ನ ಓಣಿಯ ಮಗ್ಗಗಳೆಲ್ಲ ನಿಂತವು. ಕಟ್ಟೆಯ ಮೇಲೆ ಮಂದಿ ಕೂತರು. ಹಾಡು ಬಂತು. ಗಾಳೆಪ್ಪ ಸುಮ್ಮನೆ ನಿಂತಿದ್ದ, ದನಿ ಪೆಟ್ಟಿಗೆಯಿಂದ ಬರುತ್ತಿತ್ತು. ಪದ್ಮವ್ವ ಒಮ್ಮೆ ಪೆಟ್ಟಿಗೆಯನ್ನೂ ಒಮ್ಮೆ ಅವನ ಕಾಲುಗಳನ್ನೂ ನೋಡಿದಳು. "ಕಾಲು ನಿಂತಾವ, ಹಾಡು ನಡದೈತಿ," ಎಂದಳು. ಅವನಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ. ಅಲ್ಲಿಗೂ ಸಾಕೆನ್ನಬಹುದಿತ್ತು. "ಇನ್ನೊಮ್ಮಿ ಹಚ್ಚಬೇ ಮಾಬುಬಿ," ಎಂದ ಗಾಳೆಪ್ಪ.

ಎರಡನೆಯ ಸಲ ಮೆಷಿನ್ನು ಟೇಪನ್ನು ನುಂಗಿತು. ಬಿಡಿಸಲು ಹೋದರೆ ಮೂರು ಕಡೆ ಹರಿಯಿತು. ಮೊಳಗಟ್ಟಲೆ ಕಂದು ರಿಬ್ಬನ್ನು ಮುದ್ದೆಯಾಗಿ ಮಾಬುಬಿಯ ಮಡಿಲಿಗೆ ಬಿತ್ತು. "ಯಾ ಅಲ್ಲಾ, ನಾ ಏನೂ ಮಾಡಿಲ್ಲ ಭಾಯಿ," ಎಂದು ಅವಳು ಅಳತೊಡಗಿದಳು.

ಹುನಗುಂದದಲ್ಲೋ ಬಾಗಲಕೋಟೆಯಲ್ಲೋ ಬೇರೆ ಯಾರಾದರೂ ಆಗಿದ್ದರೆ ಅದನ್ನು ಹಾಗೆಯೇ ಒಯ್ದು ಹನಮಂತಪ್ಪನ ಮುಂದಿಟ್ಟು ಕಾಲಿಗೆ ಬೀಳುತ್ತಿದ್ದರು. ಇದು ನೇಕಾರರ ಓಣಿ. ಹರಿದ ಎಳೆಯನ್ನು ನೋಡಿ ಇಲ್ಲಿ ಯಾರೂ ಹೆದರುವವರಲ್ಲ.

"ಎಳಿ ಹರದೈತಿ, ಅಷ್ಟ ಅಲ್ಲ?" ಎಂದಳು ಪದ್ಮವ್ವ. ಅವಳ ಬೆರಳುಗಳು ದಿನಕ್ಕೆ ಸಾವಿರಾರು ಗಂಟು ಹಾಕಿದಂಥವು. ಮೂರು ಕಡೆಯೂ ಕಣ್ಣಿಗೆ ಕಾಣದಂಥ ಗಂಟು ಹಾಕಿ ತುದಿಗಳನ್ನು ಕತ್ತರಿಸಿದಳು. ಆದರೆ ರಿಬ್ಬನ್ನು ಸುಕ್ಕಾಗಿತ್ತು. ಸುಕ್ಕಾದ ಎಳೆಗೆ ಏನು ಮಾಡಬೇಕೆಂದು ಗಾಳೆಪ್ಪನಿಗೆ ಗೊತ್ತಿತ್ತು. ತಾನೇ ಒಳಗೆ ಹೋಗಿ ಗಂಜಿಯ ಗಡಿಗೆಯನ್ನೂ ಬ್ರಶ್ಶನ್ನೂ ತಂದ. ಗಂಡ ಒಂದು ತುದಿ, ಹೆಂಡತಿ ಒಂದು ತುದಿ ಹಿಡಿದು, ಆರು ಹಾಡುಗಳಿಗೂ ಹದವಾಗಿ ಗಂಜಿ ಹಚ್ಚಿ ನೆರಳಲ್ಲಿ ಒಣಗಿಸಿದರು. ಒಣಗಿದ ಮೇಲೆ ರಿಬ್ಬನ್ನು ಸೆಟೆದು ನಿಂತಿತು. "ನೋಡು, ಹೊಸಾದಕ್ಕಿಂತ ಗಟ್ಟಿ ಆತು," ಎಂದು ಗಾಳೆಪ್ಪ ಹೆಮ್ಮೆಪಟ್ಟ. ಪೆನ್ಸಿಲ್ಲಿನಿಂದ ಸುತ್ತಿ ಒಳಗೆ ಹಾಕಿದರು. ಮತ್ತೊಮ್ಮೆ ಹಚ್ಚಿ ನೋಡೋಣವೆಂದರೆ ಮಾಬುಬಿ ಮೆಷಿನ್ನನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಳು.

ಸೋಮವಾರ ಹನಮಂತಪ್ಪ ಅದನ್ನು ಮೆಷಿನ್ನಿಗೆ ಹಾಕಿ ಹಚ್ಚಿದ. ಕೌದಿಯೊಳಗೆ ಯಾರೋ ನರಳಿದಂತೆ ಕೇಳಿಸಿತು. ಮೆಷಿನ್ನು ತೆರೆದು ಬೆರಳಿನಿಂದ ಒರೆಸಿ, ಮೂಸಿ ನೋಡಿದ.

"ಏನಿದು?"

"ಗಂಜಿರಿ."

"ಯಾಕ?"

"ಎಳಿಗೆ ಹಚ್ಚತೇವಲ್ರಿ," ಎಂದ ಗಾಳೆಪ್ಪ. ಹೇಳುತ್ತಿದ್ದಂತೆಯೇ ತಾನು ಮಾಡಿದ್ದೇನೆಂದು ಅವನಿಗೆ ತಿಳಿಯಿತು.

ಹನಮಂತಪ್ಪ ಬೈಯಲಿಲ್ಲ. ಬಹಳ ಹೊತ್ತು ನಕ್ಕ, ಆಮೇಲೆ ತಲೆ ಹಿಡಿದುಕೊಂಡು ಕೂತ. ಐದು ಹಾಡು ಕೆಟ್ಟಿದ್ದವು. ಶ್ರಾವಣಕ್ಕೆ ಹದಿನೈದು ದಿನವಿತ್ತು. "ಮತ್ತ ಕಿಟಕ್ಯಾಗ ಕೂಡ್ತೇನ್ರಿ," ಎಂದು ಗಾಳೆಪ್ಪ ಬೇಡಿಕೊಂಡ. ಮೆಷಿನ್ನು ರಿಪೇರಿಗೆ ಹೋಗಬೇಕಾಗಿತ್ತು. ಹುಬ್ಬಳ್ಳಿಯಲ್ಲೇ ಒಬ್ಬ ಹಾಡುಗಾರನಿಂದ ಐದು ಹಾಡು ಹಾಡಿಸಿದರು. ಗಂಜಿ ಕಡಿಮೆ ಬಿದ್ದಿದ್ದ ಕೊನೆಯ ಹಾಡನ್ನು, ಗಾಳೆಪ್ಪನ ಸ್ವಂತ ಪದವನ್ನು, ಗಂಜಿ ಒರೆಸಿ ಹಾಗೆಯೇ ಉಳಿಸಿಕೊಂಡರು. ಅದರಲ್ಲಿ ಒಂದೇ ಗಂಟಿತ್ತು. ಕವರಿನ ಮೇಲೆ ಹುಬ್ಬಳ್ಳಿಯವನ ಹೆಸರು ದೊಡ್ಡ ಅಕ್ಷರದಲ್ಲಿತ್ತು. ಅದರ ಕೆಳಗೆ "ಮತ್ತು ಸಂಗಡಿಗರು."

ಗಾಳೆಪ್ಪ ಕವರನ್ನು ಮಗ್ಗದ ಎದುರಿನ ಗೋಡೆಗೆ ಅಂಟಿಸಿದ. ಅಂಟಿಸಲು ಗಂಜಿ ಬಹಳ ಉಪಯೋಗಕ್ಕೆ ಬಂತು.

ಶ್ರಾವಣದ ಮೂರನೆಯ ಶನಿವಾರ ಗಂಡ ಹೆಂಡತಿ ತುಳಸಿಗೇರಿಗೆ ಹೋದರು. ಕಾಯಿ ಮಾರುವ ಅಂಗಡಿಯ ಲೌಡ್‌ಸ್ಪೀಕರಿನಲ್ಲಿ ಅದೇ ಹಾಡು. ಗಾಳೆಪ್ಪನ ಕಾಲು ನೆಲಕ್ಕೆ ಹತ್ತಿಕೊಂಡಂತೆ ನಿಂತಿತು.

ನನ್ನ ಎಳಿ, ಟಪ್, ಕೈಯಾಗೈತಪ್ಪಾ.

"ಅದು ನನ್ನ ಗಂಟು," ಎಂದು ಪದ್ಮವ್ವ ಮೆಲ್ಲಗೆ ಹೇಳಿದಳು. ಅವಳ ದನಿಯಲ್ಲಿ ತಪ್ಪಿತಸ್ಥಳ ಅಳುಕೂ ಇತ್ತು, ಕೆಲಸಗಾರ್ತಿಯ ಹೆಮ್ಮೆಯೂ ಇತ್ತು.

ಗುಡಿಯ ಕಟ್ಟೆಯ ಮೇಲೆ ಐದಾರು ಜನ ತಾಳ ಹಿಡಿದು ಭಜನೆ ಮಾಡುತ್ತಿದ್ದರು. ಅವರೂ ಅದನ್ನೇ ಎತ್ತಿಕೊಂಡರು. ಗಾಳೆಪ್ಪ ಅವರ ಹಿಂದೆ ಕೂತು, ಕಾಲು ಇಳಿಬಿಟ್ಟು, ಎದೆ ತುಂಬಿ ದನಿಗೂಡಿಸಿದ. "ನನ್ನ ಎಳಿ ನಿನ್ನ..."

ತಾಳ ನಿಂತಿತು. ಮುಂದಿದ್ದ ಹಿರಿಯ ತಿರುಗಿ ನೋಡಿದ. "ತಮ್ಮಾ, ಹಂಗಲ್ಲ ಅದು. ಎಳಿ ಅಂದು ಒಂದು ಉಸರು ನಿಲ್ಲಬೇಕು. ಆಮ್ಯಾಲ ಕೈಯಾಗ ಅನಬೇಕು. ಕ್ಯಾಸೆಟ್ಟು ಕೇಳಿಲ್ಲೇನು?"

"ಕೇಳೇನ್ರಿ."

"ಮತ್ತ ಸರೀತ್ನಂಗ ಹೇಳು. ಬರಲಿಲ್ಲಂದ್ರ ತಾಳಾ ಹಿಡಿ, ಸಾಕು."

ಪದ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಇದು ನನ್ನ ಪದ, ಇದು ನನ್ನ ದನಿ ಎನ್ನುವ ಮಾತು ಗಾಳೆಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಅವನು ಹನುಮಪ್ಪನ ಕಡೆ ನೋಡಿದ. ಅಲ್ಲಿಂದ ಏನೂ ಸಹಾಯ ಬರುವಂತೆ ಕಾಣಲಿಲ್ಲ. ತಾಳ ಮತ್ತೆ ಶುರುವಾಯಿತು. ಈ ಸಲ "ಎಳಿ" ಎಂದ ಮೇಲೆ ಅವನೂ ಎಲ್ಲರ ಜೊತೆ ಒಂದು ಉಸಿರು ನಿಂತ. ಗಂಟು ನುಂಗಿದ್ದ "ನಿನ್ನ" ಎಂಬ ಮಾತನ್ನು ಆ ಉಸಿರಿನಲ್ಲಿ, ಯಾರಿಗೂ ಕೇಳಿಸದಂತೆ, ದೇವರಿಗೆ ಮಾತ್ರ ಹೇಳಿದ. ಕಾಲು ತಪ್ಪದೆ ತುಳಿಯಿತು.

"ಹಾಂ, ಈಗ ಬಂತು ನೋಡು," ಎಂದ ಹಿರಿಯ.