ಮೇಲಿನ ಗೆರೆ ದಾಟಿದ ಎಣ್ಣೆ

ಆ ಕಾರು ಮಾರಿಹೋಗಿ ಎಷ್ಟೋ ವರ್ಷವಾಯಿತು. ಆದರೂ ಭಾನುವಾರ ಬೆಳಗಾದರೆ ಅವಳ ಕಿವಿ ಬಾನೆಟ್ ತೆರೆಯುವ ಸದ್ದಿಗೆ ಕಾಯುತ್ತದೆ.

ಅವಳ ಗಂಡ ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ನರ್ಸ್‌ಗಳನ್ನು ಪಾಳಿಗೆ ಕರೆದೊಯ್ದವನು. ಒಂದು ನಿಮಿಷವೂ ತಡಮಾಡದ ಅವನಿಗೆ ಅವರಿಟ್ಟ ಹೆಸರು ಗಡಿಯಾರದಣ್ಣ. ಭಾನುವಾರ ಅವನು ಎಂಜಿನ್ನಿನಿಂದ ಅಳತೆಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದು, ಎಣ್ಣೆ ಎರಡು ಗೆರೆಗಳ ನಡುವೆ ಇದೆಯೇ ಎಂದು ನೋಡುತ್ತಿದ್ದ. "ಇದಕ್ಕೆ ಬಾಯಿಲ್ಲ ಕಣೇ, ಹಸಿವಾ ಅಂತ ನಾವೇ ಕೇಳ್ಬೇಕು," ಎನ್ನುತ್ತಿದ್ದ. ಅವಳು ಟೀ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ವಾರದಲ್ಲಿ ಅವರಿಬ್ಬರದೇ ಆದ ಹೊತ್ತು ಅದು.

ಓಡಿಸಿದ ಕೊನೆಯ ವರ್ಷ ಅವನು ಕಡ್ಡಿಯನ್ನು ಬಿಸಿಲಿಗೆ ಹಿಡಿದು ಮೂಗಿನ ಹತ್ತಿರ ತರತೊಡಗಿದ. ಏಕೆಂದು ಅವಳು ಕೇಳಲಿಲ್ಲ. ಕೇಳಿದರೆ ಸ್ಟೇರಿಂಗ್ ಅವನ ಕೈತಪ್ಪುತ್ತದೆ ಎಂದು ಅವಳಿಗೆ ಗೊತ್ತಿತ್ತು. ಒಂದು ಭಾನುವಾರ ಅವನು ಏಳುವ ಮೊದಲೇ ತಾನೇ ಕಡ್ಡಿ ಎಳೆದು ನೋಡಿದಳು. ಎಣ್ಣೆ ಕೆಳಗಿನ ಗೆರೆಗೆ ಇಳಿದಿತ್ತು. ಒಂದು ಲೀಟರು ಹೊಯ್ದು ಮೇಲಿನ ಗೆರೆ ಮುಟ್ಟಿಸಿ, ನಿಶ್ಚಿಂತೆಯಿಂದ ಒಳಗೆ ಹೋದಳು. ಅವಳು ಟೀ ತರುವಷ್ಟರಲ್ಲಿ ಅವನು ಬಾನೆಟ್ ಮುಚ್ಚಿಯಾಗಿತ್ತು.

ಮರುದಿನ ಎರಡು ತಿರುವು ದಾಟುವುದರೊಳಗೆ ಕಾರಿನ ಹಿಂದೆ ಬೀದಿಯೇ ಕಾಣದಷ್ಟು ನೀಲಿ ಹೊಗೆ.

"ಗಡಿಯಾರದಣ್ಣ, ಊರಿನ ಸೊಳ್ಳೆ ಓಡಿಸೋ ಗುತ್ತಿಗೆ ಹಿಡಿದ್ರಾ?" ಎಂದು ನರ್ಸ್‌ಗಳು ನಕ್ಕರು. ಎಂಜಿನ್ ಉಸಿರುಗಟ್ಟಿ ನಿಂತಾಗ ನಗು ನಿಂತಿತು. ಅವರು ಬಸ್ಸು ಹತ್ತಿದರು. ಕಾರನ್ನು ಮೂಲೆಯ ಗ್ಯಾರೇಜಿಗೆ ತಳ್ಳಬೇಕಾಯಿತು. ಸುದ್ದಿ ಕೇಳಿ ಅವಳೂ ಓಡಿಬಂದಳು.

ಗ್ಯಾರೇಜಿನ ಮೇಸ್ತ್ರಿ ಅಳತೆಕಡ್ಡಿ ಎಳೆದು ನೋಡಿ, ಕೆಳಗಿನ ಬೋಲ್ಟು ಬಿಚ್ಚಿದ. ತಟ್ಟೆಗೆ ಇಳಿದದ್ದು ಎಣ್ಣೆಗಿಂತ ನೊರೆಯೇ ಹೆಚ್ಚು.

"ಅಣ್ಣಾ, ಗೆರೆ ದಾಟಿ ಎರಡು ಬೆರಳು ಮೇಲೆ ಹೋಗಿದೆ! ಒಳಗಡೆ ತಿರುಗೋ ಕ್ರ್ಯಾಂಕು ಅದ್ರಲ್ಲಿ ಮುಳುಗಿ ಮಜ್ಜಿಗೆ ಕಡೆದ ಹಾಗೆ ಕಡೆದುಬಿಟ್ಟಿದೆ. ನೊರೆ ಎಂಜಿನ್ ಕಾಯಲ್ಲ, ಸವೆಸತ್ತೆ. ಸೀಲೂ ಒಸರ್ತಿದೆ. ಯಾರು ಹಾಕಿದ್ದು ಇಷ್ಟೊಂದು?"

"ನಾನು," ಎಂದರು ಇಬ್ಬರೂ.

"ಸರಿಹೋಯ್ತು! ಮನೇಲಿ ಇಬ್ರೂ ಉಪ್ಪು ಹಾಕಿದ್ರೆ ಅಡುಗೆ ಗತಿ ಇದೇ."

ಗಂಡ ಅವಳ ಕಡೆ ತಿರುಗಿದ. "ನೀನ್ಯಾಕೆ ಹಾಕಿದೆ?"

ಮೇಸ್ತ್ರಿ ಕಡ್ಡಿ ಒರೆಸಿ ಅವನ ಮುಂದೆ ಹಿಡಿದ. "ಗೆರೆ ಇಲ್ಲಿದೆಯಲ್ಲಣ್ಣ, ನೋಡ್ಕೋಬಾರದಾ?"

ಹೌದು, ನೋಡೋಕೆ ಮರೆತೆ ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅನ್ನಲಿ ಎಂದೇ ಅವಳು ಬಯಸಿದಳು.

"ಕಾಣಲ್ಲ ಮೇಸ್ತ್ರಿ," ಎಂದ ಅವನು. "ಚಳಿಗಾಲದಿಂದ್ಲೇ ಕಾಣ್ತಿಲ್ಲ. ಕಡಿಮೆ ಇದ್ರೆ ಅಂತ ಹೆದರಿ ಹೊಯ್ದೆ." ಬೀಗದ ಕೈಯನ್ನು ಬೆಂಚಿನ ಮೇಲಿಟ್ಟ. "ರಿಪೇರಿ ಮಾಡಿಡು. ನಾಳೆಯಿಂದ ಆ ಹುಡುಗೀರಿಗೆ ಬೇರೆ ಡ್ರೈವರ್ ನೋಡ್ಬೇಕು."

ಮನೆಗೆ ನಡೆಯುವಾಗ ಅವನು ಕೇಳಿದ: "ನಿಂಗೆ ಯಾವಾಗಿಂದ ಗೊತ್ತು?"

"ನೀವು ಕಡ್ಡೀನ ನೋಡೋದು ಬಿಟ್ಟು ಮೂಸೋಕೆ ಶುರು ಮಾಡಿದಾಗಿಂದ."

ಅವನು ನಕ್ಕ. ಅವಳು ನಗಲಾರದೆ ಹೋದಳು. ದೊಡ್ಡ ರಸ್ತೆ ಬಂದಾಗ ಅವನು ಅಂಚಿನಲ್ಲಿ ನಿಂತು ಕೈ ಚಾಚಿದ.

"ದಾಟಬಹುದಾ?"

ಅವಳು ಎರಡೂ ಕಡೆ ನೋಡಿ ಆ ಕೈ ಹಿಡಿದಳು. "ಈಗ ಬನ್ನಿ."